ಅಪ್ಪನ ಮನೆಯಿಂದ ಬಂದ ಮೇಲೆ ಮಗಳು ಮಂಕಾಗುತ್ತಾಳೆ. ಕಳಿಸುವುದನ್ನು ನಿಲ್ಲಿಸಬೇಕಾ?

ಮೈಸೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನೂ ನನ್ನ ಗಂಡನೂ ಬೇರೆಯಾಗಿ ವರ್ಷದ ಮೇಲಾಯಿತು. ಇಬ್ಬರೂ ಒಪ್ಪಿ ಹಾಕಿದ ಡಿವೋರ್ಸ್ ಅರ್ಜಿ ಫ್ಯಾಮಿಲಿ ಕೋರ್ಟಿನಲ್ಲಿದೆ. ಕುಡಿತ, ಹೊಡೆತ ಯಾವುದೂ ಇರಲಿಲ್ಲ. ಹೊಂದಿಕೊಂಡು ಹೋಗಲು ಆಗಲಿಲ್ಲ, ಅಷ್ಟೇ. ಮಗಳಿಗೆ ಏಳು ವರ್ಷ. ನನ್ನ ಜೊತೆ ನನ್ನ ತವರಿನಲ್ಲಿ ಇದ್ದಾಳೆ. ಅವಳ ಅಪ್ಪನಿಗೆ ಬೆಂಗಳೂರಿನಲ್ಲಿ ಕೆಲಸ. ಒಂದು ವಾರ ಬಿಟ್ಟು ಒಂದು ವಾರ ಶನಿವಾರ ಬಂದು ಕರೆದುಕೊಂಡು ಹೋಗುತ್ತಾರೆ, ಭಾನುವಾರ ಸಂಜೆ ತಂದು ಬಿಡುತ್ತಾರೆ.

ಹೋಗುವಾಗ ಕುಣಿದುಕೊಂಡು ಹೋಗುತ್ತಾಳೆ. ಬಂದ ಮೇಲೆ ಬೇರೆಯೇ ಮಗು. ಊಟ ಬೇಡ ಅನ್ನುತ್ತಾಳೆ. ಜಡೆ ಬಿಚ್ಚಲು ಹೋದರೆ ಕೈ ತಳ್ಳುತ್ತಾಳೆ. ಸಣ್ಣದಕ್ಕೆಲ್ಲ ಅಳು. "ಅಲ್ಲಿ ಏನಾಯ್ತು ಪುಟ್ಟಾ?" ಅಂದರೆ "ಏನಿಲ್ಲ" ಅಷ್ಟೇ. ಸೋಮವಾರ ಸಂಜೆ ಹೊತ್ತಿಗೆ ತಾನೇ ಸರಿಯಾಗುತ್ತಾಳೆ.

ನಮ್ಮಮ್ಮ ಹೇಳುವುದು ಒಂದೇ ಮಾತು: "ಅಲ್ಲಿ ಏನೋ ತಲೆಗೆ ತುಂಬಿ ಕಳಿಸ್ತಾರೆ. ಒಂದಷ್ಟು ತಿಂಗಳು ಕಳಿಸಬೇಡ, ಮಗು ಮರೆತುಹೋಗುತ್ತೆ." ನನಗೆ ಮಗಳು ಅಪ್ಪನನ್ನು ಮರೆಯಲಿ ಅಂತ ಯಾವತ್ತೂ ಅನಿಸಿಲ್ಲ. ಆದರೆ ಆ ಭಾನುವಾರ ರಾತ್ರಿ ಅವಳ ಮುಖ ನೋಡಲು ಆಗುವುದಿಲ್ಲ. ಇದನ್ನು ದಾಟಿ ಬಂದವರು ಇದ್ದರೆ ಹೇಳಿ.

ಹುಬ್ಬಳ್ಳಿಯ ಅಪ್ಪ

ಅಕ್ಕಾರ, ನಾನು ಆಚೆ ಬದಿಯವನು. ನನ್ನ ಮಗ ಅವನ ತಾಯಿಯ ಜೊತೆ ಧಾರವಾಡದಲ್ಲಿ ಇದ್ದಾನೆ, ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಾನೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲೂ ಹೀಗೇ ಆಗುತ್ತಿತ್ತು, ಆದರೆ ತಿರುಗಾ ಮುರುಗಾ. ನನ್ನ ಹತ್ತಿರ ಬಂದ ಮೊದಲ ಒಂದೆರಡು ತಾಸು ಮಗ ಮಾತೇ ಆಡುತ್ತಿರಲಿಲ್ಲ. ನಮ್ಮ ಅವ್ವನೂ ನಿಮ್ಮ ಅಮ್ಮ ಹೇಳಿದ್ದನ್ನೇ ಹೇಳುತ್ತಿದ್ದರು: "ಅಲ್ಲಿ ಏನೋ ಹೇಳಿಕೊಟ್ಟಾರ." ಎರಡೂ ಮನೆಯವರು ಒಂದೇ ಅನುಮಾನ ಪಡುತ್ತಿದ್ದರೆ ತಪ್ಪು ಯಾರದ್ದೂ ಇರಲಿಕ್ಕಿಲ್ಲ, ಅಲ್ವಾ?

ಮಗುವಿಗೆ ಒಂದು ಮನೆಯಿಂದ ಇನ್ನೊಂದಕ್ಕೆ ಮನಸ್ಸು ಹೊಂದಿಸಿಕೊಳ್ಳಲು ಹೊತ್ತು ಬೇಕು. ಬಸ್ ಇಳಿದ ಕೂಡಲೇ ನಮ್ಮ ತಲೆಯೂ ನೆಟ್ಟಗೆ ಇರುವುದಿಲ್ಲ, ಇನ್ನು ಅವರದ್ದು?

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಒಂದು ಸಣ್ಣ ಬದಲಾವಣೆ. ಮೊದಲು ಭೇಟಿ ಅಂದರೆ ಮಾಲ್, ಐಸ್‌ಕ್ರೀಂ, ಆಟದ ಸಾಮಾನು. ಈಗ ಅವನ ಹೋಂವರ್ಕ್ ನನ್ನ ಮನೆಯಲ್ಲೇ ಆಗುತ್ತದೆ. ಅವನಿಗೆ ಅಂತ ಒಂದು ಕಪಾಟು, ಒಂದು ಹಲ್ಲುಜ್ಜುವ ಬ್ರಷ್, ಒಂದು ಜೊತೆ ಯೂನಿಫಾರಂ ಇಲ್ಲೂ ಇದೆ. ಬಟ್ಟೆ ತುಂಬಿದ ಬ್ಯಾಗ್ ಹೊತ್ತು ಬರುವ ಕೆಲಸ ಇಲ್ಲ. ನೆಂಟರ ಮನೆಗೆ ಬಂದ ಹಾಗೆ ಬರುತ್ತಿದ್ದವನು ಈಗ ಬಂದ ತಕ್ಷಣ ಚಪ್ಪಲಿ ಮೂಲೆಗೆ ಎಸೆದು ಫ್ರಿಜ್ ತೆಗೆಯುತ್ತಾನೆ. ಆ ಚಪ್ಪಲಿ ಎಸೆಯುವುದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ದಾವಣಗೆರೆಯಿಂದ

ನಿಮ್ಮ ಅಮ್ಮ ಹೇಳಿದ್ದರಲ್ಲಿ ಅರ್ಥ ಇದೆ ಅಂತ ನನಗನಿಸುತ್ತದೆ. ನಮ್ಮನೆಯವರು ಬರುತ್ತೇನೆ ಅಂತ ಹೇಳಿ ಬರುವುದೇ ಇಲ್ಲ. ಮಗ ಗೇಟಿನ ಹತ್ತಿರ ಶೂ ಹಾಕಿಕೊಂಡು ಕೂತಿರುತ್ತಾನೆ. ಹಾಗೆ ಕಾಯಿಸುವುದಕ್ಕಿಂತ ಸಂಬಂಧವೇ ಬೇಡ ಅನ್ನುವುದು ವಾಸಿ ಅಲ್ವಾ? ಎಲ್ಲರೂ ಹುಬ್ಬಳ್ಳಿಯವರ ಹಾಗೆ ಇರುವುದಿಲ್ಲ.

ಕೋಲಾರದ ಹುಡುಗಿ

ನಾನು ಅಮ್ಮ ಅಲ್ಲ. ಆ ಮಗುವಿನ ಜಾಗದಲ್ಲಿ ಬೆಳೆದವಳು. ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಆದ್ದರಿಂದ ಆ "ಏನಿಲ್ಲ" ಅನ್ನುವ ಉತ್ತರದ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಅದನ್ನು ನಾನೂ ತುಂಬಾ ಸಲ ಹೇಳಿದ್ದೇನೆ.

ಅಪ್ಪನ ಮನೆಯಿಂದ ಬಂದ ಕೂಡಲೇ ನಮ್ಮಜ್ಜಿ ಕೇಳುತ್ತಿದ್ದರು: ಅಡುಗೆ ಯಾರು ಮಾಡಿದ್ರು? ಮನೆಯಲ್ಲಿ ಯಾರ್‍ಯಾರು ಇದ್ರು? ಹೊಸ ಟಿವಿ ತಗೊಂಡಿದ್ದಾರಾ? ನನ್ನ ಬಗ್ಗೆ ಏನಂದ್ರು? ಒಂದೊಂದು ಉತ್ತರಕ್ಕೂ ಅಮ್ಮನ ಮುಖ ಬದಲಾಗುತ್ತಿತ್ತು. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಅಲ್ಲಿ ಖುಷಿಯಾಗಿದ್ದೆ ಅಂದರೆ ಅಮ್ಮನಿಗೆ ನೋವು. ಅಲ್ಲಿ ಬೇಜಾರಾಯಿತು ಅಂದರೆ ಫೋನಿನಲ್ಲಿ ಜಗಳ. "ಏನಿಲ್ಲ" ಅಂದರೆ ಯಾರಿಗೂ ಏನೂ ಆಗುವುದಿಲ್ಲ.

ಒಂದು ದೀಪಾವಳಿಗೆ ಅಪ್ಪ ನನಗೆ ಕೆಂಪು ಚಪ್ಪಲಿ ಕೊಡಿಸಿದ್ದರು, ಹಿಮ್ಮಡಿಯ ಹತ್ತಿರ ಬಕಲ್ ಇರುವಂಥದ್ದು. ಅಮ್ಮನ ಮನೆಗೆ ಬಂದು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟೆ. ಯಾರೂ ಬಚ್ಚಿಡು ಅಂದಿರಲಿಲ್ಲ. ಹಾಕಿಕೊಳ್ಳಬೇಡ ಅಂತಲೂ ಹೇಳಿರಲಿಲ್ಲ. ಕಾಲು ದೊಡ್ಡದಾಗುವವರೆಗೂ ಅದು ಅಲ್ಲೇ ಇತ್ತು.

ನಿಮ್ಮ ಮಗಳು ಭಾನುವಾರ ಅಳುವುದು ಅಪ್ಪನ ಮನೆಯಲ್ಲಿ ಕೆಟ್ಟದ್ದು ನಡೆದಿದ್ದಕ್ಕೇ ಅಂತ ಅಂದುಕೊಳ್ಳಬೇಡಿ. ಒಬ್ಬರನ್ನು ಬಿಟ್ಟು ಬಂದ ಸಂಕಟ ಇರುತ್ತದೆ. ಅದನ್ನು ಇನ್ನೊಬ್ಬರ ಮುಂದೆ ಹೇಳಬಹುದೋ ಬೇಡವೋ ಅನ್ನುವ ಭಯವೂ ಇರುತ್ತದೆ. ನನಗೆ ಬೇಕಾಗಿದ್ದದ್ದು ಅಮ್ಮನ ಬಾಯಿಂದ ಒಂದೇ ಮಾತು: "ಅಪ್ಪನ ಜೊತೆ ಚೆನ್ನಾಗಿದ್ಯಾ? ನನಗೆ ಅದೇ ಸಂತೋಷ." ಅದನ್ನು ನಿಜವಾಗಿ ಅನ್ನಬೇಕು. ಸುಮ್ನೆ ಬಾಯಿಮಾತಿಗೆ ಅಂದರೆ ಮಕ್ಕಳಿಗೆ ತಿಳಿಯುತ್ತದೆ.

ಇನ್ನೊಂದು. "ಅಪ್ಪನಿಗೆ ಹೇಳು, ಫೀಸ್ ಕಟ್ಟೋ ದಿನ ಹತ್ತಿರ ಬಂತು ಅಂತ." ಈ ಥರದ ಮಾತು ನನ್ನ ಬಾಲ್ಯದಲ್ಲಿ ತುಂಬಾ ಇತ್ತು. ದಯವಿಟ್ಟು ಮಗುವಿನ ಕೈಯಲ್ಲಿ ಏನೂ ಹೇಳಿ ಕಳಿಸಬೇಡಿ. ದುಡ್ಡಿನ ಮಾತಂತೂ ಬೇಡವೇ ಬೇಡ.

ಮೈಸೂರಿನ ಅಮ್ಮ

ಕೋಲಾರದವರೇ, ನಿಮ್ಮ ಬರಹ ಓದಿ ಕಣ್ಣು ತುಂಬಿ ಬಂತು. ನಮ್ಮಮ್ಮನಿಗೂ ಓದಿ ಹೇಳಿದೆ. ಚಪ್ಪಲಿಯ ವಿಷಯ ಬಂದಾಗ ಸುಮ್ಮನಾದರು. ಆಮೇಲೆ "ನಾನೂ ಹಾಗೇ ಕೇಳ್ತೀನಲ್ವಾ" ಅಂದರು.

ತುಮಕೂರಿನ ಟೀಚರ್

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಶಾಲೆಯ ಕಡೆಯಿಂದ ಒಂದೆರಡು ವಿಷಯ.

ಶನಿವಾರ ನಮ್ಮ ಶಾಲೆಗಳಲ್ಲಿ ಬೆಳಗ್ಗೆ ಮಾತ್ರ ಕ್ಲಾಸು. ಶಾಲೆ ಬಿಟ್ಟಾಗ ಅಪ್ಪ ಅಲ್ಲಿಗೇ ಬಂದು ಕರೆದುಕೊಂಡು ಹೋಗಲಿ. ಅಜ್ಜಿ ಮನೆಯ ಬಾಗಿಲಲ್ಲಿ ಮಗುವನ್ನು ಕೊಡುವ, ಪಡೆಯುವ ಆ ಗಳಿಗೆ ಇದೆಯಲ್ಲ, ದೊಡ್ಡವರ ಮುಖ ಬಿಗಿಯಾಗುವುದು ಅಲ್ಲೇ. ಶಾಲೆಯ ಗೇಟಿನಲ್ಲಿ ಅದು ಇರುವುದಿಲ್ಲ. ಮಗುವಿನ ಕಣ್ಣಿಗೆ ಉಳಿದ ಮಕ್ಕಳ ಅಪ್ಪ ಬಂದ ಹಾಗೆ ತನ್ನ ಅಪ್ಪನೂ ಬಂದ, ಅಷ್ಟೇ. ಆದರೆ ಯಾರು ಕರೆದುಕೊಂಡು ಹೋಗಬಹುದು ಅಂತ ಶಾಲೆಗೆ ಮೊದಲೇ ಬರೆದುಕೊಡಿ. ನಾವು ಗೊತ್ತಿಲ್ಲದವರ ಜೊತೆ ಮಗುವನ್ನು ಕಳಿಸುವಂತಿಲ್ಲ.

ಡೈರಿಯಲ್ಲಿ ಇಬ್ಬರ ಫೋನ್ ನಂಬರೂ ಇರಲಿ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಇಬ್ಬರನ್ನೂ ಸೇರಿಸಿ ಅಂತ ಕೇಳಿ. ಎಷ್ಟೋ ಅಪ್ಪಂದಿರಿಗೆ ಸ್ಕೂಲ್ ಡೇ ಯಾವತ್ತು ಅಂತ ಗೊತ್ತಾಗುವುದು ಅದು ಮುಗಿದ ಮೇಲೆ. ಪೇರೆಂಟ್ಸ್ ಮೀಟಿಂಗ್‌ಗೆ ಇಬ್ಬರೂ ಒಟ್ಟಿಗೆ ಕೂರಲು ಆಗದಿದ್ದರೆ ಬೇರೆ ಬೇರೆ ಹೊತ್ತು ಕೇಳಿ, ನಾವು ಕೊಡುತ್ತೇವೆ. ಅದರಲ್ಲಿ ನಾಚಿಕೆ ಏನೂ ಬೇಡ.

ವಕೀಲೆ, ಬೆಂಗಳೂರು

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಇಲ್ಲಿ ತುಂಬಾ ಜನ ಕಸ್ಟಡಿ ಅಂದರೆ ಗೆದ್ದವರಿಗೆ ಮಗು ಅಂದುಕೊಂಡಿರುತ್ತಾರೆ.

ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ 1956ರದ್ದು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಅದು ಹೇಳುತ್ತದೆ. ಅದಕ್ಕಿಂತ ದೊಡ್ಡ ಮಾತು ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿದೆ: ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ಬೇರೆ ಧರ್ಮದವರ ಕೇಸುಗಳು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೂ ಬರುತ್ತವೆ. ಅಲ್ಲೂ ಕೋರ್ಟು ನೋಡುವುದು ಮಗುವಿನ ಹಿತವನ್ನೇ.

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿತು. ತಂದೆ ತಾಯಿ ಇಬ್ಬರ ಪ್ರೀತಿ, ಒಡನಾಟ ಪಡೆಯುವುದು ಮಗುವಿನ ಮೂಲಭೂತ ಮಾನವ ಹಕ್ಕು ಅಂದಿತು. ಭೇಟಿ ಮಾತ್ರ ಅಲ್ಲ, ಫೋನ್, ವಿಡಿಯೋ ಕಾಲ್ ಮೂಲಕ ಸಂಪರ್ಕದಲ್ಲಿ ಇರುವುದನ್ನೂ ಕೋರ್ಟುಗಳು ಯೋಚಿಸಬೇಕು ಅಂತ ಹೇಳಿತು. ಹಕ್ಕು ಯಾರದ್ದು ಅನ್ನುವುದನ್ನು ಗಮನಿಸಿ. ಭೇಟಿ ಅಪ್ಪನಿಗೆ ಕೊಡುವ ಬಹುಮಾನ ಅಲ್ಲ, ಅಮ್ಮ ಮಾಡುವ ಉಪಕಾರವೂ ಅಲ್ಲ.

ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲೇ ಒಂದು ಹುಡುಗನ ವಿಷಯದಲ್ಲಿ ಜಂಟಿ ಕಸ್ಟಡಿ ಕೊಟ್ಟಿತ್ತು. ವರ್ಷದಲ್ಲಿ ಆರು ತಿಂಗಳು ತಂದೆಯ ಹತ್ತಿರ, ಆರು ತಿಂಗಳು ತಾಯಿಯ ಹತ್ತಿರ. ಒಬ್ಬರ ಹತ್ತಿರ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ. ಓದಿನ ಖರ್ಚು ಇಬ್ಬರದ್ದೂ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಕಸ್ಟಡಿಯನ್ನು ಕಾನೂನಿಗೇ ಸೇರಿಸಿ ಅಂತ ಶಿಫಾರಸು ಮಾಡಿತು. ಆರಾರು ತಿಂಗಳು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ, ಅದನ್ನೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಕೋರ್ಟುಗಳು ಯಾವ ಕಡೆ ಯೋಚಿಸುತ್ತಿವೆ ಅಂತ ತಿಳಿದಿರಲಿ.

ದಾವಣಗೆರೆಯವರಿಗೂ ಒಂದು ಮಾತು. ಜೀವನಾಂಶ ಕೊಟ್ಟಿಲ್ಲ ಅಂತ ಮಗುವನ್ನು ತೋರಿಸದೇ ಇರುವುದು, ಮಗುವನ್ನು ತೋರಿಸಿಲ್ಲ ಅಂತ ದುಡ್ಡು ನಿಲ್ಲಿಸುವುದು, ಎರಡೂ ಬೇಡ. ಎರಡಕ್ಕೂ ಕೋರ್ಟಿನಲ್ಲಿ ಬೇರೆ ಬೇರೆ ದಾರಿ ಇದೆ. ವಕೀಲರ ಫೀಸಿಗೆ ಕಷ್ಟ ಆದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೇ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹೆಸರು ಬೇಡ

ಎಲ್ಲರ ಮಾತೂ ಒಪ್ಪುತ್ತೇನೆ. ಆದರೆ ಇದನ್ನು ಓದುವ ಎಲ್ಲ ಹೆಂಗಸರೂ ಮೈಸೂರಿನ ಅಕ್ಕನ ಪರಿಸ್ಥಿತಿಯಲ್ಲಿ ಇರುವುದಿಲ್ಲ. ನಾನು ಹೊಡೆತ ತಿಂದು ಹೊರಗೆ ಬಂದವಳು. ಮಗನ ಮುಂದೆಯೇ ಹೊಡೆತ. "ಮಗುವಿಗೆ ಅಪ್ಪ ಬೇಕು" ಅಂತ ಎಲ್ಲರೂ ನನ್ನನ್ನು ವಾಪಸ್ ಕಳಿಸಲು ನೋಡಿದರು. ಆ ಮಾತನ್ನು ಹಾಗೆ ಬಳಸಬೇಡಿ.

2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಾತ್ಕಾಲಿಕ ಕಸ್ಟಡಿ ಕೇಳಬಹುದು. ಭೇಟಿಯಿಂದ ಮಗುವಿಗೆ ಅಪಾಯ ಅಂತ ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ ಭೇಟಿ ಬೇಡ ಅನ್ನಲೇಬೇಕು. ನನ್ನ ವಿಷಯದಲ್ಲಿ ಮೊದಲು ಭೇಟಿ ಇರಲಿಲ್ಲ. ಈಗ ಕೋರ್ಟಿನ ಆವರಣದಲ್ಲೇ, ಬೇರೆಯವರ ಎದುರಿಗೆ ಒಂದು ಗಂಟೆ ನೋಡುತ್ತಾರೆ. ಮಗನಿಗೆ ಅಷ್ಟು ಸಾಕಾಗಿದೆ. ಅವನು ಭಯ ಇಲ್ಲದೆ ಹೋಗಿ ಬರುತ್ತಾನೆ. ತೊಂದರೆಯಲ್ಲಿ ಇರುವವರು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಮಕ್ಕಳ ಆಪ್ತಸಮಾಲೋಚಕಿ

ಮೇಲೆ ಬರೆದವರ ಮಾತು ತುಂಬಾ ಮುಖ್ಯ. ಮೊದಲು ಮಗುವಿನ ಸುರಕ್ಷತೆ, ಉಳಿದದ್ದೆಲ್ಲ ಆಮೇಲೆ.

ಮೈಸೂರಿನವರೇ, ನೀವು ಬರೆದದ್ದರಲ್ಲಿ ಎರಡು ವಿಷಯ ನನಗೆ ಸಮಾಧಾನ ಕೊಟ್ಟವು. ಹೋಗುವಾಗ ಖುಷಿಯಾಗಿ ಹೋಗುತ್ತಾಳೆ. ಒಂದು ದಿನದಲ್ಲಿ ತಾನೇ ಸರಿಯಾಗುತ್ತಾಳೆ. ಇದು ಮನೆ ಬದಲಾಗುವಾಗಿನ ಸುಸ್ತು, ಬೇಸರ ಇರಬಹುದು. ಭಾನುವಾರ ಬಂದ ಕೂಡಲೇ ಪ್ರಶ್ನೆ ಬೇಡ. ಬಿಸಿನೀರು ಸ್ನಾನ, ಮೊಸರನ್ನ, ಅವಳಿಗೆ ಇಷ್ಟವಾದ ಒಂದು ಆಟ ಅಥವಾ ಕಥೆ. ಪ್ರತಿ ಸಲವೂ ಅದೇ ಇರಲಿ. ಜಡೆ ಬಿಚ್ಚುವುದು ಅವಳು ಹೇಳಿದಾಗ. "ಅಪ್ಪನ ನೆನಪಾಗ್ತಿದ್ಯಾ? ಫೋನ್ ಮಾಡೋಣ್ವಾ?" ಅಂತ ಒಂದು ಸಲ ಕೇಳಿ ನೋಡಿ.

ಹೋಗುವ ಮೊದಲೇ ಹೆದರಿಕೆ, ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ವಾರಗಟ್ಟಲೆ ನಿದ್ದೆ ಸರಿ ಬಾರದಿರುವುದು, ಮೈಮೇಲೆ ಗಾಯ. ಇಂಥದ್ದು ಕಂಡರೆ ಕಾಯಬೇಡಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಅಪಾಯ ಅನಿಸಿದರೆ ಮಕ್ಕಳ ಸಹಾಯವಾಣಿ 1098.

ಈ ವಯಸ್ಸಿನ ಮಕ್ಕಳು ಇನ್ನೊಂದು ಮಾಡುತ್ತಾರೆ. "ನಾನು ಗಲಾಟೆ ಮಾಡಿದ್ದಕ್ಕೇ ಅಪ್ಪ ಹೋದರು" ಅಂತ ಒಳಗೊಳಗೇ ಅಂದುಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪ ಅಮ್ಮ ಬೇರೆಯಾದದ್ದು ನಿನ್ನಿಂದ ಅಲ್ಲ, ನಾವಿಬ್ಬರೂ ನಿನಗೆ ಯಾವಾಗಲೂ ಇರುತ್ತೇವೆ ಅಂತ ಇಬ್ಬರೂ ಹೇಳಬೇಕು. ಒಂದೇ ಸಲ ಹೇಳಿ ಬಿಟ್ಟರೆ ಸಾಲದು. ಮತ್ತೆ ಒಂದಾಗುತ್ತೀರಾ ಅಂತ ಕೇಳಿದರೆ ಸುಳ್ಳು ಆಸೆ ಕೊಡಬೇಡಿ.

ದಾವಣಗೆರೆಯವರೇ, ಗೇಟಿನಲ್ಲಿ ಕಾಯುವ ಮಗುವಿನ ಬಗ್ಗೆ. ಅಪ್ಪ ಮನೆಯಿಂದ ಹೊರಟೆ ಅಂತ ಫೋನ್ ಮಾಡಿದ ಮೇಲೆ ಮಾತ್ರ ಮಗನಿಗೆ ಹೇಳಿ. ಆ ಸಂಜೆಗೆ ಬೇರೆ ಏನಾದರೂ ಯೋಚಿಸಿ ಇಟ್ಟುಕೊಂಡಿರಿ. ಬರದಿದ್ದರೆ ಅಪ್ಪನ ಪರವಾಗಿ ಸುಳ್ಳು ನೆಪ ಕಟ್ಟಬೇಡಿ, ಬೈಯಲೂ ಬೇಡಿ. "ಅಪ್ಪ ಇವತ್ತು ಬರಲಿಲ್ಲ. ನಿನಗೆ ಬೇಜಾರಾಗಿದೆ, ನನಗೆ ಗೊತ್ತು." ಅಷ್ಟು ಸಾಕು. ತಂದೆಗೆ ವಾರದ ಭೇಟಿ ನಿಭಾಯಿಸಲು ಆಗದಿದ್ದರೆ ತಿಂಗಳಿಗೊಮ್ಮೆ ಮಾಡಿ, ಆದರೆ ತಪ್ಪದೇ ಬರಲಿ. ಜಾಸ್ತಿ ಸಲ ಸಿಗುವುದಕ್ಕಿಂತ ಹೇಳಿದ ದಿನ ಬರುವುದು ಮಗುವಿಗೆ ದೊಡ್ಡದು.

ದಾವಣಗೆರೆಯಿಂದ

ಹೊರಟ ಮೇಲೆ ಹೇಳುವುದು ಒಳ್ಳೆಯ ಉಪಾಯ. ಈ ವಾರದಿಂದಲೇ ಹಾಗೆ ಮಾಡುತ್ತೇನೆ. ತಿಂಗಳಿಗೊಮ್ಮೆ ಅನ್ನುವುದನ್ನೂ ಅವರಿಗೆ ಮೆಸೇಜ್ ಮಾಡಿ ಕೇಳುತ್ತೇನೆ.

ನ್ಯೂಜೆರ್ಸಿ ಕನ್ನಡಿಗ

ನನ್ನ ಮಗಳು ಬೆಂಗಳೂರಿನಲ್ಲಿ, ನಾನು ಇಲ್ಲಿ. ವಿಡಿಯೋ ಕಾಲ್ ಬಗ್ಗೆ ಬರೆಯುತ್ತೇನೆ. ಚಿಕ್ಕ ಮಕ್ಕಳಿಗೆ "ಊಟ ಆಯ್ತಾ, ಸ್ಕೂಲ್ ಹೇಗಿತ್ತು" ಅಂತ ಕೇಳುತ್ತಾ ಹೋದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಮಾಡುವ ಕೆಲಸ ಇರಬೇಕು. ನಾವಿಬ್ಬರೂ ಒಂದೇ ಕಥೆ ಪುಸ್ತಕದ ಎರಡು ಪ್ರತಿ ತೆಗೆದುಕೊಂಡಿದ್ದೇವೆ. ಒಂದು ಪುಟ ಅವಳು, ಒಂದು ಪುಟ ನಾನು. ಅವಳು ಚಿತ್ರ ಬಿಡಿಸುವಾಗ ಫೋನ್ ಪಕ್ಕದಲ್ಲಿ ಒರಗಿಸಿಟ್ಟು ತನ್ನ ಪಾಡಿಗೆ ಬಿಡಿಸುತ್ತಾಳೆ, ನಾನು ಸುಮ್ನೆ ನೋಡುತ್ತಾ ಇರುತ್ತೇನೆ. ಇಲ್ಲಿ ಬೆಳಗ್ಗೆ, ಅಲ್ಲಿ ಸಂಜೆ. ಹೊತ್ತು ಒಂದೇ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಅವಳ ಅಮ್ಮ ಫೋನ್ ಚಾರ್ಜ್ ಮಾಡಿ ಕೊಟ್ಟು ಬೇರೆ ಕೋಣೆಗೆ ಹೋಗುತ್ತಾರೆ. ಆ ಒಂದು ನಡವಳಿಕೆಗೆ ನಾನು ಅವರಿಗೆ ಋಣಿ.

ಹೊರದೇಶದಲ್ಲಿ ಇರುವವರಿಗೆ ಇನ್ನೊಂದು ವಿಷಯ. ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುವುದರ ಬಗ್ಗೆ 1980ರ ಹೇಗ್ ಒಪ್ಪಂದ ಇದೆ. ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ಜಗಳ ಆದರೆ ಎರಡೂ ದೇಶದ ಕೋರ್ಟು ಅಲೆಯಬೇಕಾಗುತ್ತದೆ. ಟಿಕೆಟ್ ಬುಕ್ ಮಾಡುವ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ.

ಶಿವಮೊಗ್ಗದ ಅಜ್ಜಿ

ನನ್ನ ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಮೈಸೂರಿನ ತಾಯಿಯ ಅಮ್ಮನಿಗೆ ನಾಲ್ಕು ಮಾತು.

ನಿಮ್ಮ ಮಗಳು ಅತ್ತಿದ್ದನ್ನು ನೋಡಿದ್ದೀರಿ. ಅಳಿಯನ ಮೇಲೆ ಕೋಪ ಬರುವುದು ಸಹಜ. ನನಗೂ ಬಂದಿತ್ತು. ಆದರೆ ನಮಗೆ ಅವನು ಅಳಿಯ ಅಲ್ಲದೇ ಹೋಗಬಹುದು, ಮೊಮ್ಮಗಳಿಗೆ ಅವನು ಅಪ್ಪ ಅಲ್ಲದೇ ಹೋಗುವುದಿಲ್ಲ. ನಮ್ಮನೆ ಗೋಡೆ ಮೇಲಿದ್ದ ಮದುವೆ ಫೋಟೋ ತೆಗೆದೆವು. ಮಗುವಿನ ನಾಮಕರಣದ ಫೋಟೋ, ಅಪ್ಪ ತೊಡೆ ಮೇಲೆ ಕೂರಿಸಿಕೊಂಡಿರುವುದು, ಅದನ್ನು ಅವಳ ಓದುವ ಮೇಜಿನ ಮೇಲೆ ಇಟ್ಟೆವು. ಅಪ್ಪನನ್ನು ಕತ್ತರಿಸಿ ತೆಗೆಯಲಿಲ್ಲ.

ಬೀಗರ ಮನೆಯ ಅಜ್ಜಿ ತಾತನನ್ನೂ ಮರೆಯಬೇಡಿ. ಅವರಿಗೂ ಮೊಮ್ಮಗಳು ಬೇಕು. ಗೌರಿ ಹಬ್ಬ ನಮ್ಮಲ್ಲಿ, ದೀಪಾವಳಿ ಅಲ್ಲಿ, ಮುಂದಿನ ವರ್ಷ ಅದಲು ಬದಲು. ಮೊದಲ ವರ್ಷ ದೀಪಾವಳಿಗೆ ಮಗು ಮನೆಯಲ್ಲಿ ಇಲ್ಲ ಅಂತ ನನಗೆ ಹೋಳಿಗೆ ತಟ್ಟುವುದಕ್ಕೂ ಮನಸ್ಸಾಗಲಿಲ್ಲ. ಆದರೂ ಕಳಿಸಿದೆವು. ಅಲ್ಲಿಂದ ಪಟಾಕಿ ಹೊಡೆದ ಕಥೆ ಎಲ್ಲ ಫೋನಿನಲ್ಲಿ ಹೇಳಿದಳು.

ಮೈಸೂರಿನ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಅವರಿಗೆ ಫೋನ್ ಮಾಡಿ ಮಾತಾಡಿದೆ. ಭಾನುವಾರದ ಅಳುವಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಕಾರಿನಲ್ಲಿ ಮದ್ದೂರು ದಾಟಿದ ಮೇಲೆ ಅವಳು ಮಾತು ನಿಲ್ಲಿಸುತ್ತಾಳೆ ಅಂತ ಅವರೇ ಹೇಳಿದರು. ಸಂಜೆ ಆರಕ್ಕೆ ಬದಲು ನಾಲ್ಕಕ್ಕೇ ತಂದು ಬಿಡಲು ಒಪ್ಪಿದ್ದಾರೆ, ಸೋಮವಾರಕ್ಕೆ ಮೊದಲು ಅವಳಿಗೆ ಸ್ವಲ್ಪ ಹೊತ್ತು ಸಿಗಲಿ ಅಂತ. ಶಾಲೆಯಿಂದಲೇ ಕರೆದುಕೊಂಡು ಹೋಗುವುದಕ್ಕೂ ಒಪ್ಪಿದರು. ಕಳಿಸುವುದನ್ನು ನಿಲ್ಲಿಸುವ ಮಾತು ಇನ್ನಿಲ್ಲ. ನಮ್ಮಮ್ಮನೂ ಒಪ್ಪಿದ್ದಾರೆ.

ವಕೀಲೆ ಮೇಡಂ, ಒಂದು ಪ್ರಶ್ನೆ. ಇದನ್ನೆಲ್ಲ ಬಾಯಿಮಾತಿನಲ್ಲಿ ಇಟ್ಟುಕೊಂಡರೆ ಸಾಕಾ, ಅಥವಾ ಕೋರ್ಟಿನ ಒಪ್ಪಂದದಲ್ಲಿ ಬರೆಸಬೇಕಾ? ದಸರಾ ರಜೆ, ಬೇಸಿಗೆ ರಜೆ ಬಗ್ಗೆ ನಾವು ಇನ್ನೂ ಏನೂ ಮಾತಾಡಿಲ್ಲ.

ವಕೀಲೆ, ಬೆಂಗಳೂರು

ಬರೆಸಿ. ಇವತ್ತು ಇಬ್ಬರೂ ಚೆನ್ನಾಗಿ ಮಾತಾಡುತ್ತಿದ್ದೀರಿ, ಬರೆಯಲು ಇದೇ ಒಳ್ಳೆಯ ಹೊತ್ತು. "ತಂದೆಗೆ ಭೇಟಿಯ ಹಕ್ಕು ಇದೆ" ಅಂತ ಒಂದೇ ಸಾಲು ಬರೆದು ಬಿಟ್ಟರೆ ಮುಂದೆ ಅದರ ಮೇಲೇ ಜಗಳ. ಯಾವ ಶನಿವಾರ, ಎಷ್ಟು ಗಂಟೆಗೆ, ಎಲ್ಲಿಂದ, ಎಷ್ಟು ಗಂಟೆಗೆ ವಾಪಸ್ ಅಂತ ಬರಲಿ. ಹುಷಾರಿಲ್ಲದೆ ತಪ್ಪಿದ ಭೇಟಿಗೆ ಬದಲು ದಿನ ಯಾವುದು ಅಂತ ಇರಲಿ. ಬೇಸಿಗೆ ರಜೆ ಅರ್ಧ ಅರ್ಧ, ದಸರಾ ರಜೆ ಹೇಗೆ, ಮಗುವಿನ ಹುಟ್ಟುಹಬ್ಬ ಯಾರ ಜೊತೆ, ಫೋನ್ ಯಾವ ಹೊತ್ತಿಗೆ ಅಂತಲೂ ಸೇರಿಸಿ. ಶಾಲೆ ಬದಲಾಯಿಸುವುದು, ಆಪರೇಷನ್, ಪಾಸ್‌ಪೋರ್ಟ್ ಇಂಥದ್ದಕ್ಕೆ ಇಬ್ಬರನ್ನೂ ಕೇಳಬೇಕು ಅಂತ ಬರೆಸಿ. ಮಗಳ ಪ್ರೋಗ್ರೆಸ್ ಕಾರ್ಡ್, ಡಾಕ್ಟರ ಚೀಟಿ ಇಬ್ಬರಿಗೂ ಸಿಗಬೇಕು ಅನ್ನುವುದೂ ಇರಲಿ.

ಬರೆದದ್ದು ಶಾಶ್ವತ ಅಂತ ಹೆದರಬೇಡಿ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಕೆಳಗೆ ಮಕ್ಕಳ ವಿಷಯದ ಆದೇಶವನ್ನು ಆಮೇಲೆ ಅರ್ಜಿ ಹಾಕಿ ಬದಲಾಯಿಸಿಕೊಳ್ಳಬಹುದು. ಏಳು ವರ್ಷದವಳಿಗೆ ಹೊಂದಿದ್ದು ಹದಿಮೂರಕ್ಕೆ ಹೊಂದುವುದಿಲ್ಲ. ಆಗ ಅವಳ ಟ್ಯೂಷನ್, ಗೆಳತಿಯರು, ಅವಳ ಇಷ್ಟ ಎಲ್ಲ ಲೆಕ್ಕಕ್ಕೆ ಬರುತ್ತದೆ, ಅವಳನ್ನೇ ಕೇಳಬೇಕಾಗುತ್ತದೆ.

ಯಾವುದಾದರೂ ಒಂದೆರಡು ವಿಷಯಕ್ಕೆ ಇಬ್ಬರಿಗೂ ಹೊಂದದಿದ್ದರೆ ಮಧ್ಯಸ್ಥಿಕೆಗೆ ಕಳಿಸಿ ಅಂತ ಫ್ಯಾಮಿಲಿ ಕೋರ್ಟನ್ನೇ ಕೇಳಿ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ, ಜಿಲ್ಲೆಗಳಲ್ಲೂ ಈಗ ವ್ಯವಸ್ಥೆ ಇದೆ. ಮುಂದಿನ ಹಿಯರಿಂಗ್‌ಗೆ ಮೊದಲು ನೀವಿಬ್ಬರೂ ಕೂತು ಒಂದು ಕರಡು ಬರೆದು, ಇಬ್ಬರ ವಕೀಲರಿಗೂ ತೋರಿಸಿ. ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಿರಿ, ರಜೆಯ ದಿನಗಳು ಸರಿಯಾಗಿ ಬರುತ್ತವೆ.